‘ಅನ್‌ಸ್ಕ್ರೂಪ್ಯುಲಸ್’ ಅಂದರೆ ‘ಗಮನ ಕೊಡದವನು’ ಅಂತಲ್ಲವೇ? ಒಂದು ಪದ ಬರೆದು ಜೊತೆಯವನ ಮನಸ್ಸು ನೋಯಿಸಿದ್ದೇನೆ

ಬೆಳ್ಳಕ್ಕಿ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಪದ ತಲೆ ಕೊರೆಯುತ್ತಿದೆ. ಇಲ್ಲಿ ಇಂಗ್ಲಿಷ್ ಕಲಿಸಿದವರು, ಅನುವಾದ ಮಾಡುವವರು ಇದ್ದಾರೆಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಜೊತೆಯವರ ಕೆಲಸದ ಬಗ್ಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದುಕೊಡಬೇಕು. ನನ್ನ ಪಕ್ಕದ ಸೀಟಿನ ಹುಡುಗ ಬುದ್ಧಿವಂತ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಇರುವುದು ಒಂದೇ ತಕರಾರು, ಹೇಳಿದ ದಿನಕ್ಕೆ ಕೆಲಸ ಕೈಗೆ ಬರುವುದಿಲ್ಲ. ಅದನ್ನೇ ಸ್ವಲ್ಪ ತೂಕದ ಇಂಗ್ಲಿಷಿನಲ್ಲಿ ಹೇಳೋಣ ಅನ್ನಿಸಿತು. ‘ಸ್ಕ್ರೂಪ್ಯುಲಸ್’ ಅಂದರೆ ಸಣ್ಣಪುಟ್ಟ ವಿಷಯಕ್ಕೂ ಗಮನ ಕೊಡುವವರು ಎಂದು ಓದಿದ ನೆನಪಿತ್ತು. ಹಾಗಾದರೆ ಗಮನ ಕೊಡದವನು ‘ಅನ್‌ಸ್ಕ್ರೂಪ್ಯುಲಸ್’ ಆಗಲೇಬೇಕಲ್ಲ ಎಂದುಕೊಂಡು ‘ಹಿ ಈಸ್ ಅನ್‌ಸ್ಕ್ರೂಪ್ಯುಲಸ್ ಅಬೌಟ್ ಡೆಡ್‌ಲೈನ್ಸ್’ ಎಂದು ಬರೆದುಬಿಟ್ಟೆ.

ಬರೆದದ್ದನ್ನು ಅವನಿಗೂ ತೋರಿಸುತ್ತಾರೆ. ಮರುದಿನ ನನ್ನ ಮೇಜಿನ ಹತ್ತಿರ ಬಂದು, ‘ಅಕ್ಕ, ನಾನು ಯಾರಿಗೆ ಮೋಸ ಮಾಡಿದೆ?’ ಎಂದು ಕೇಳಿದ. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಫೋನಿನಲ್ಲಿ ನಿಘಂಟು ತೆರೆದು ತೋರಿಸಿದ. ಲಾಭಕ್ಕಾಗಿ ತಪ್ಪು ಮಾಡಲೂ ಹೇಸದವನು ಎಂಬ ಅರ್ಥ ಅಲ್ಲಿತ್ತು. ಓದಿ ನನ್ನ ಕೈ ತಣ್ಣಗಾಯಿತು. ಕ್ಷಮೆ ಕೇಳಿದೆ. ‘ಇರಲಿ ಬಿಡಿ’ ಅಂದ, ಆದರೆ ಆಮೇಲೆ ಮಾತು ಕಡಿಮೆಯಾಗಿದೆ.

ನನ್ನ ಪ್ರಶ್ನೆಗಳು ಎರಡು. ‘ಸ್ಕ್ರೂಪ್ಯುಲಸ್’ಗೆ ‘ಅನ್’ ಸೇರಿಸಿದರೆ ಅದರ ವಿರುದ್ಧಪದ ಯಾಕಾಗಲಿಲ್ಲ? ಮತ್ತೆ, ಈ ಪದವನ್ನು ದಿನನಿತ್ಯದ ವಾಕ್ಯಗಳಲ್ಲಿ ಎಲ್ಲಿ, ಹೇಗೆ ಬಳಸಬೇಕು? ಇನ್ನೊಂದು ಸಲ ಹೀಗಾಗಬಾರದು.

ಸೀಮೆಸುಣ್ಣ

ಬೆಳ್ಳಕ್ಕಿಯವರೇ, ನಾನು ಬಹಳ ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನು. ನಿಮ್ಮ ತರ್ಕ ದಡ್ಡತನದ್ದಲ್ಲ. ಎಷ್ಟೋ ಜಾಣ ಮಕ್ಕಳು ಇದೇ ದಾರಿಯಲ್ಲಿ ಹೋಗಿ ಇದೇ ಹಳ್ಳಕ್ಕೆ ಬಿದ್ದಿದ್ದನ್ನು ನೋಡಿದ್ದೇನೆ.

ಪದದ ಬೇರು ಒಂದು ಕಲ್ಲು. ಲ್ಯಾಟಿನ್ನಿನಲ್ಲಿ ‘ಸ್ಕ್ರೂಪಸ್’ ಅಂದರೆ ಚೂಪುಗಲ್ಲು, ‘ಸ್ಕ್ರೂಪುಲಸ್’ ಅಂದರೆ ಚೂಪಾದ ಪುಟ್ಟ ಹರಳು. ಕಾಲಿಗೆ ಅಂಥ ಹರಳು ಸಿಕ್ಕಿಕೊಂಡರೆ ನಡೆಯಲು ಬರುತ್ತದೆ, ಆದರೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ರೋಮಿನ ವಾಗ್ಮಿ ಸಿಸೆರೊ ಬರೆಯುತ್ತಿದ್ದ ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗಾಗಲೇ ಲ್ಯಾಟಿನ್ನಿನಲ್ಲಿ ಅದು ಮನಸ್ಸಿನೊಳಗಿನ ಚುಚ್ಚಿಗೂ ಹೆಸರಾಗಿತ್ತು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಸ್ಕ್ರೂಪಲ್’ ಆಯಿತು. ‘ಇದು ಸರಿಯೋ ತಪ್ಪೋ’ ಎಂದು ಒಳಗೆ ಏಳುವ ಅಳುಕು ಎಂದು ಅದರ ಅರ್ಥ. ಔಷಧ ತೂಗುವವರಿಗೂ ಅದೇ ಹೆಸರಿನ ಒಂದು ತೂಕವಿತ್ತು: 20 ಗ್ರೇನ್, ಅವರ ಔನ್ಸಿನ 24ರಲ್ಲಿ ಒಂದು ಪಾಲು, ನಮ್ಮ ಈಗಿನ ಲೆಕ್ಕದಲ್ಲಿ ಸುಮಾರು 1.3 ಗ್ರಾಂ. ಅಷ್ಟು ಸಣ್ಣದನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯುವ ಮನಸ್ಸು ಎಂದು ನಾನು ಮಕ್ಕಳಿಗೆ ನೆನಪಿಗಾಗಿ ಹೇಳಿಕೊಡುತ್ತಿದ್ದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಒಳಗೆ ಚುಚ್ಚು ಇರುವವನು ಎರಡು ರೀತಿ ನಡೆದುಕೊಳ್ಳುತ್ತಾನೆ. ತಪ್ಪು ದಾರಿಗೆ ಹೋಗಲು ಅಂಜುತ್ತಾನೆ, ಅದು ಒಂದು. ಮಾಡುವ ಕೆಲಸದಲ್ಲಿ ಎಳ್ಳಷ್ಟೂ ಲೋಪ ಬರದಂತೆ ನೋಡಿಕೊಳ್ಳುತ್ತಾನೆ, ಅದು ಇನ್ನೊಂದು. ‘ಸ್ಕ್ರೂಪ್ಯುಲಸ್’ ಈ ಎರಡು ಅರ್ಥಗಳನ್ನೂ ಇಟ್ಟುಕೊಂಡಿತು. ‘ಸ್ಕ್ರೂಪ್ಯುಲಸ್ಲಿ ಕ್ಲೀನ್’ ಅಂದರೆ ಒಂದು ಧೂಳಿನ ಕಣವೂ ಇಲ್ಲದಷ್ಟು ಸ್ವಚ್ಛ, ಅಲ್ಲಿ ನೀತಿಯ ಮಾತೇ ಇಲ್ಲ. ಆ ಪದ 15ನೇ ಶತಮಾನದಲ್ಲೇ ಇಂಗ್ಲಿಷಿನಲ್ಲಿತ್ತು. ‘ಅನ್’ ಹೊತ್ತ ರೂಪ ಬಳಕೆಗೆ ಬಂದದ್ದು ಬಹಳ ತಡವಾಗಿ, 19ನೇ ಶತಮಾನದ ಆರಂಭದ ಹೊತ್ತಿಗೆ. ಅದು ಹಿಡಿದುಕೊಂಡದ್ದು ಮೊದಲ ಅರ್ಥವನ್ನು ಮಾತ್ರ. ಆದ್ದರಿಂದ ಕೊಳಕು ಕೋಣೆಯನ್ನು ಯಾರೂ ‘ಅನ್‌ಸ್ಕ್ರೂಪ್ಯುಲಸ್ಲಿ ಡರ್ಟಿ’ ಅನ್ನುವುದಿಲ್ಲ.

ಪದದ ಮುಂದೆ ನಿಷೇಧ ಹಚ್ಚಿದ ಮಾತ್ರಕ್ಕೆ ಅರ್ಥ ತಿರುಗಿ ನಿಲ್ಲುವುದಿಲ್ಲ. ನಮ್ಮಲ್ಲೇ ನೋಡಿ. ‘ಅಮೂಲ್ಯ’ ಅಂದರೆ ಬೆಲೆಯಿಲ್ಲದ್ದೇ? ಬೆಲೆ ಕಟ್ಟಲಾಗದ್ದು. ಇಂಗ್ಲಿಷಿನ ‘ಇನ್‌ವ್ಯಾಲ್ಯುಯಬಲ್’ ಕೂಡ ಅಷ್ಟೇ. ‘ಶೇಮ್‌ಫುಲ್’, ‘ಶೇಮ್‌ಲೆಸ್’ ಎರಡನ್ನೂ ಅಕ್ಕಪಕ್ಕ ಇಡಿ, ಒಂದಕ್ಕೊಂದು ಎದುರಿನವು ಅನ್ನಿಸುತ್ತದೆ, ಆದರೆ ಎರಡೂ ಬೈಗುಳದ ಮಾತುಗಳೇ. ನಾಚಿಕೆ ತರುವ ಕೃತ್ಯ ‘ಶೇಮ್‌ಫುಲ್’, ನಾಚಿಕೆಯೇ ಇಲ್ಲದ ಮನುಷ್ಯ ‘ಶೇಮ್‌ಲೆಸ್’. ಎರಡನೆಯ ಪದ ನಿಮ್ಮ ಪದಕ್ಕೆ ಹತ್ತಿರದ ನೆಂಟ.

ನೀವು ಹೇಳಬೇಕಿದ್ದದ್ದು ‘ಹಿ ಈಸ್ ನಾಟ್ ಕೇರ್‌ಫುಲ್ ಎನಫ್ ಅಬೌಟ್ ಡೆಡ್‌ಲೈನ್ಸ್’. ಇನ್ನೂ ನೇರವಾಗಿ, ‘ಹಿ ಆಫನ್ ಮಿಸಸ್ ಡೆಡ್‌ಲೈನ್ಸ್’. ಇಷ್ಟು ಸಾಕಿತ್ತು.

ಮುಂಗಾರು

ಮೇಷ್ಟ್ರೇ, ‘ಲೆಸ್ ದ್ಯಾನ್ ಸ್ಕ್ರೂಪ್ಯುಲಸ್’ ಅಂತ ಬರೆದಿದ್ದರೆ ಬಚಾವಾಗುತ್ತಿದ್ದರಾ?

ಸೀಮೆಸುಣ್ಣ

ಇಲ್ಲಪ್ಪ. ಅದು ಇನ್ನೂ ಅಪಾಯ. ಒಬ್ಬ ವ್ಯಕ್ತಿಯ ಬಗ್ಗೆ ಹಾಗೆ ಬರೆದರೆ ‘ಇವರ ಪ್ರಾಮಾಣಿಕತೆ ಅನುಮಾನ, ಬಾಯಿಬಿಟ್ಟು ಹೇಳಲಾರೆ’ ಎಂದು ಸೂಚನೆ ಕೊಟ್ಟಂತೆ ಆಗುತ್ತದೆ. ಬೈಗುಳವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಹಾಗೆ.

ಸುದ್ದಿಮೇಜು

ನನಗೆ ಸುದ್ದಿಮನೆಯಲ್ಲಿ ಇಂಗ್ಲಿಷ್ ಪ್ರತಿಗಳನ್ನು ಕನ್ನಡಕ್ಕೆ ತಿರುಗಿಸುವ ಕೆಲಸ. ಈ ಪದ ವಾರಕ್ಕೆ ಮೂರು ನಾಲ್ಕು ಸಲ ಎದುರಾಗುತ್ತದೆ. ಎರಡನೆಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಪದದ ಅರ್ಥವನ್ನು ನನಗೆ ಕಲಿಸಿದ್ದು ಅದರ ಸಂಗಡಿಗರು.

ಈ ವಿಶೇಷಣ ಸಾಮಾನ್ಯವಾಗಿ ಯಾರ ಮುಂದೆ ಬಂದು ಕೂರುತ್ತದೆ? ಟ್ರೇಡರ್ಸ್, ಲೆಂಡರ್ಸ್, ಲ್ಯಾಂಡ್‌ಲಾರ್ಡ್ಸ್, ಎಂಪ್ಲಾಯರ್ಸ್, ಏಜೆಂಟ್ಸ್, ಡೀಲರ್ಸ್, ಪೊಲಿಟಿಶಿಯನ್ಸ್. ಇವರೆಲ್ಲರ ಕೈಯಲ್ಲಿ ಇನ್ನೊಬ್ಬರಿಗಿಂತ ಸ್ವಲ್ಪ ಹೆಚ್ಚು ಅಧಿಕಾರವೋ ಮಾಹಿತಿಯೋ ಹಣವೋ ಇರುತ್ತದೆ. ಎದುರಿಗಿರುವವರು ಅವಸರದಲ್ಲಿದ್ದಾರೆ, ಗೊತ್ತಿಲ್ಲದವರು, ವಯಸ್ಸಾದವರು, ಅಥವಾ ಬೇರೆ ದಾರಿ ಇಲ್ಲದವರು. ಆ ಅಸಹಾಯಕತೆಯನ್ನು ನೋಡಿಯೂ ಲಾಭ ಮಾಡಿಕೊಳ್ಳುವವರಿಗೆ ಈ ಪದ.

ಅದಕ್ಕೇ ಅದರ ಹಿಂದೆ ಬರುವ ಕ್ರಿಯಾಪದಗಳೂ ಹೆಚ್ಚುಕಡಿಮೆ ಗೊತ್ತಾದವೇ: ‘ಪ್ರೇ ಆನ್’, ‘ಎಕ್ಸ್‌ಪ್ಲಾಯ್ಟ್’, ‘ಚೀಟ್’, ‘ಟೇಕ್ ಅಡ್ವಾಂಟೇಜ್ ಆಫ್’.

‘ಅನ್‌ಸ್ಕ್ರೂಪ್ಯುಲಸ್ ಲೆಂಡರ್ಸ್ ಪ್ರೇ ಆನ್ ಪೀಪಲ್ ಹೂ ನೀಡ್ ಮನಿ ಅರ್ಜೆಂಟ್ಲಿ.’ ತುರ್ತಾಗಿ ಹಣ ಬೇಕಾದವರನ್ನೇ ಹೊಂಚುಹಾಕಿ ಹಿಂಡುತ್ತಾರೆ ಎಂಬ ಭಾವ. ‘ಪ್ರೇ ಆನ್’ ಅಂದರೆ ಬೇಟೆಯ ಪ್ರಾಣಿಯ ಮೇಲೆ ಎರಗುವುದು. ಈ ಎರಡು ಮಾತು ಒಟ್ಟಿಗೆ ಬರುವುದರಲ್ಲಿ ಅರ್ಥವಿದೆ.

‘ಮೆನಿ ಜಾಬ್ ಸೀಕರ್ಸ್ ಫಾಲ್ ವಿಕ್ಟಿಮ್ ಟು ಅನ್‌ಸ್ಕ್ರೂಪ್ಯುಲಸ್ ಏಜೆಂಟ್ಸ್.’ ಕೆಲಸ ಹುಡುಕುವವರು ಇಂಥ ಏಜೆಂಟರ ಬಲೆಗೆ ಬೀಳುತ್ತಾರೆ.

ಮನುಷ್ಯರಿಗಷ್ಟೇ ಅಲ್ಲ, ಅವರು ಹಿಡಿಯುವ ದಾರಿಗೂ ಹೇಳಬಹುದು. ‘ದ ಕಂಪನಿ ಯೂಸ್ಡ್ ಅನ್‌ಸ್ಕ್ರೂಪ್ಯುಲಸ್ ಮೆಥಡ್ಸ್ ಟು ಡ್ರೈವ್ ಔಟ್ ಇಟ್ಸ್ ರೈವಲ್ಸ್.’ ಮೆಥಡ್ಸ್, ಮೀನ್ಸ್, ಟ್ಯಾಕ್ಟಿಕ್ಸ್, ಪ್ರಾಕ್ಟಿಸಸ್, ಇವೆಲ್ಲ ಸರಿ. ಆದರೆ ‘ಅನ್‌ಸ್ಕ್ರೂಪ್ಯುಲಸ್ ಮಿಸ್ಟೇಕ್’ ಆಗುವುದಿಲ್ಲ. ಮಿಸ್ಟೇಕ್ ಅಂದರೆ ಗೊತ್ತಿಲ್ಲದೆ ಆದದ್ದು. ಈ ಪದಕ್ಕೆ ಗೊತ್ತಿದ್ದೂ ಮಾಡಿದ್ದೇ ಬೇಕು.

ಒಂದು ಮಾತು ಒತ್ತಿ ಹೇಳುತ್ತೇನೆ. ‘ಅನ್‌ಸ್ಕ್ರೂಪ್ಯುಲಸ್ ಏಜೆಂಟ್ಸ್’ ಅಂದಾಗ ಏಜೆಂಟರೆಲ್ಲರನ್ನೂ ಬೈದಂತಲ್ಲ, ಅವರಲ್ಲಿ ಕೆಲವರನ್ನು ಬೇರ್ಪಡಿಸಿ ತೋರಿಸಿದಂತೆ. ಅನುವಾದದಲ್ಲಿ ಆ ವಿಶೇಷಣ ಬಿಟ್ಟುಹೋದರೆ ಒಂದು ವೃತ್ತಿಗೇ ಮಸಿ ಬಳಿದ ಹಾಗಾಗುತ್ತದೆ. ಹೊಸಬರು ಶೀರ್ಷಿಕೆಯಲ್ಲಿ ಜಾಗ ಸಾಲದೆಂದು ಮೊದಲು ಕತ್ತರಿಸುವುದು ಅದನ್ನೇ. ಹಾಗೆ ಮಾಡಬೇಡಿ ಎಂದು ಪ್ರತಿ ಸಲವೂ ಹೇಳುತ್ತೇನೆ.

ಕಾಮನಬಿಲ್ಲು

ನಾನು ಪರೀಕ್ಷೆಗೆ ಓದುತ್ತಿದ್ದೇನೆ. ನನ್ನ ಪದಪಟ್ಟಿಯಲ್ಲಿ ಡಿಸಾನೆಸ್ಟ್, ಅನ್‌ಎಥಿಕಲ್, ಕರಪ್ಟ್, ರೂತ್‌ಲೆಸ್, ಅನ್‌ಪ್ರಿನ್ಸಿಪಲ್ಡ್, ಅನ್‌ಸ್ಕ್ರೂಪ್ಯುಲಸ್ ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದ್ದಾರೆ. ಎಲ್ಲದಕ್ಕೂ ಕನ್ನಡದಲ್ಲಿ ‘ನೀತಿಗೆಟ್ಟ’ ಎಂದೇ ಬರೆದುಕೊಂಡಿದ್ದೇನೆ. ಇಷ್ಟು ಸಾಕಾ ಸರ್?

ಸೀಮೆಸುಣ್ಣ

ಪರೀಕ್ಷೆಯಲ್ಲಿ ಅಂಕ ಬಂದರೂ ಬರಬಹುದು ಮಗೂ, ಆದರೆ ಬರೆಯಲು ಕೂತಾಗ ಕೈಕೊಡುತ್ತದೆ. ಒಂದೇ ಸನ್ನಿವೇಶ ಇಟ್ಟುಕೊಂಡು ನೋಡೋಣ. ಒಬ್ಬ ಹಳೇ ಕಾರು ಮಾರುತ್ತಿದ್ದಾನೆ.

ಕಾರು ಅಪಘಾತವಾಗಿತ್ತೇ ಎಂದು ಕೇಳಿದರೆ ‘ಇಲ್ಲ’ ಎಂದು ಸುಳ್ಳು ಹೇಳಿದ. ಡಿಸಾನೆಸ್ಟ್. ಇಲ್ಲಿ ಮುಖ್ಯವಾದದ್ದು ಸತ್ಯ ತಪ್ಪಿದ್ದು. ಹೆದರಿ ಒಂದು ಸಲ ಸುಳ್ಳು ಹೇಳಿದ ಮಗುವಿನ ಉತ್ತರವೂ ಡಿಸಾನೆಸ್ಟ್ ಆಗಬಹುದು, ಆ ಮಗುವನ್ನು ಅನ್‌ಸ್ಕ್ರೂಪ್ಯುಲಸ್ ಅನ್ನಲಾಗದು.

ಕಾರು ಪರೀಕ್ಷಿಸಿ ವರದಿ ಕೊಡಬೇಕಾದ ಎಂಜಿನಿಯರ್ ಮಾರುವವನ ಅಣ್ಣನೇ ಆಗಿದ್ದ, ಅದನ್ನು ಯಾರಿಗೂ ತಿಳಿಸಲಿಲ್ಲ. ಅನ್‌ಎಥಿಕಲ್. ಒಂದು ವೃತ್ತಿಗೆ ಇರುವ ನಡವಳಿಕೆಯ ಕಟ್ಟು ಮುರಿದದ್ದು ಇಲ್ಲಿನ ವಿಷಯ. ಆ ಎಂಜಿನಿಯರ್ ಹಣ ತೆಗೆದುಕೊಂಡು ಸುಳ್ಳು ಪ್ರಮಾಣಪತ್ರ ಕೊಟ್ಟರೆ ಕರಪ್ಟ್, ತನಗೆ ನಂಬಿ ಕೊಟ್ಟ ಅಧಿಕಾರವನ್ನು ಮಾರಿಕೊಂಡದ್ದಕ್ಕೆ.

ಕೊಳ್ಳುವವನ ಕಷ್ಟ ಗೊತ್ತಿದ್ದೂ ಒಂದು ಪೈಸೆ ಇಳಿಸಲಿಲ್ಲ, ಆದರೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಯೇ ಮಾರಿದ. ರೂತ್‌ಲೆಸ್ ಇರಬಹುದು, ಕರುಣೆಯಿಲ್ಲ. ಅಪ್ರಾಮಾಣಿಕನಲ್ಲ.

ಬ್ರೇಕು ಹಿಡಿಯುವುದಿಲ್ಲ ಎಂದು ಗೊತ್ತಿತ್ತು. ಕೊಳ್ಳುವವಳು ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಓಡಿಸುತ್ತಾಳೆ ಎಂದೂ ಗೊತ್ತಿತ್ತು. ಬಣ್ಣ ಬಳಿದು, ನಗುತ್ತಾ ಕೀಲಿಕೈ ಕೊಟ್ಟು, ರಾತ್ರಿ ನೆಮ್ಮದಿಯಾಗಿ ಮಲಗಿದ. ಅನ್‌ಸ್ಕ್ರೂಪ್ಯುಲಸ್. ಮಾಡಿದ ತಪ್ಪಿಗಿಂತ, ಮಾಡುವಾಗ ಒಳಗೆ ಏನೂ ಚುಚ್ಚದೆ ಹೋದದ್ದನ್ನು ಈ ಪದ ಹೇಳುತ್ತದೆ.

ಅನ್‌ಪ್ರಿನ್ಸಿಪಲ್ಡ್ ಇದಕ್ಕೆ ಬಹಳ ಹತ್ತಿರ. ಗಾಳಿ ಬಂದ ಕಡೆ ತೂರಿಕೊಳ್ಳುವವನಿಗೂ, ಇಂದು ಒಂದು ಮಾತು ನಾಳೆ ಒಂದು ಮಾತು ಆಡುವವನಿಗೂ ಅದು ಹೊಂದುತ್ತದೆ. ಅನ್‌ಸ್ಕ್ರೂಪ್ಯುಲಸ್ ಅನ್ನಿಸಿಕೊಳ್ಳಲು ಎದುರಿಗೆ ಯಾವುದೋ ಲಾಭ ಕಾಣುತ್ತಿರಬೇಕು.

ಅರ್ಧವಿರಾಮ

‘ನೀತಿಗೆಟ್ಟ’ ಬಗ್ಗೆ ಒಂದು ಮಾತು ಹೇಳಲೇಬೇಕು. ಅನುವಾದಕಿಯಾಗಿ ಈ ಪದದ ಜೊತೆ ಬಹಳ ಗುದ್ದಾಡಿದ್ದೇನೆ.

‘ನೀತಿಗೆಟ್ಟ’ ತಪ್ಪಲ್ಲ, ಆದರೆ ಅದು ದೂರದಲ್ಲಿ ನಿಂತು ತೀರ್ಪು ಕೊಡುವ ಪದ. ‘ಅಪ್ರಾಮಾಣಿಕ’ ಅರ್ಜಿಯ ಭಾಷೆ. ‘ವಂಚಕ’, ‘ಮೋಸಗಾರ’ ಕೃತ್ಯವನ್ನು ಹೇಳುತ್ತವೆ, ಮನಸ್ಸಿನ ಒಳಗಿನದನ್ನಲ್ಲ. ‘ಮೇಲೆ ಬಸಪ್ಪ ಒಳಗೆ ವಿಷಪ್ಪ’ ಅನ್ನುತ್ತೇವಲ್ಲ, ಅದು ಬೇರೆ ಜಾತಿಯ ಮನುಷ್ಯ. ಅವನಿಗೆ ವೇಷ ಬೇಕು. ಅನ್‌ಸ್ಕ್ರೂಪ್ಯುಲಸ್ ಆದವನಿಗೆ ವೇಷವೂ ಬೇಕಾಗದೆ ಇರಬಹುದು.

ಆದರೆ ಮೇಷ್ಟ್ರು ಹೇಳಿದ ಆ ಚುಚ್ಚು ಕನ್ನಡದಲ್ಲಿ ಆಗಲೇ ಇದೆ, ಅದೂ ಅಚ್ಚಗನ್ನಡದ ಪದಗಳಲ್ಲಿ. ‘ಹೇಸು’ ಎಂಬ ಕ್ರಿಯಾಪದ ತೆಗೆದುಕೊಳ್ಳಿ. ‘ಸುಳ್ಳು ಹೇಳಲೂ ಹೇಸುವುದಿಲ್ಲ.’ ಇಂಗ್ಲಿಷಿನಲ್ಲಿ ‘ಹಿ ಡಸ್ ನಾಟ್ ಸ್ಕ್ರೂಪಲ್ ಟು ಲೈ’ ಎಂದು ‘ಸ್ಕ್ರೂಪಲ್’ ಅನ್ನು ಕ್ರಿಯಾಪದವಾಗಿ ಬಳಸುತ್ತಾರೆ, ಸ್ವಲ್ಪ ಹಳೆಯ ಧಾಟಿ ಅದು. ಎರಡೂ ಒಂದೇ ಅಚ್ಚಿನಲ್ಲಿ ತೆಗೆದಂತಿವೆ. ಹೇಸಿಗೆ ಅನ್ನಿಸುವುದು ದೇಹಕ್ಕೆ ಗೊತ್ತಾಗುವ ಸಂಗತಿ, ಹರಳು ಚುಚ್ಚುವುದೂ ಹಾಗೆಯೇ. ಎರಡು ಭಾಷೆಗಳೂ ಮನಸ್ಸಾಕ್ಷಿಯನ್ನು ಮೈಗೇ ತಂದು ಕಟ್ಟಿವೆ ಎಂದು ಮೊದಲ ಸಲ ಹೊಳೆದಾಗ ನಾನು ಕೆಲಸ ನಿಲ್ಲಿಸಿ ಎದ್ದು ಓಡಾಡಿದ್ದೆ.

ಇನ್ನು ‘ಎಗ್ಗು’. ‘ಎಗ್ಗಿಲ್ಲದೆ ನಡೆಯುತ್ತಿದೆ’ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಎಗ್ಗು, ಸಿಗ್ಗು ಎರಡೂ ನಾಚಿಕೆ, ಸಂಕೋಚಕ್ಕೆ ಇರುವ ಮಾತುಗಳು. ‘ಎಗ್ಗುಸಿಗ್ಗಿಲ್ಲದೆ’ ಅಂದರೆ ಅನ್‌ಸ್ಕ್ರೂಪ್ಯುಲಸ್ಲಿ ಅನ್ನುವುದಕ್ಕೆ ತೀರಾ ಹತ್ತಿರ. ‘ಅಳುಕಿಲ್ಲದೆ’ ಮಾತ್ರ ಜಾಗ್ರತೆಯಿಂದ ಬಳಸಬೇಕು, ಅದು ಧೈರ್ಯಕ್ಕೂ ಹೊಗಳಿಕೆಯಾಗಿ ಬರುತ್ತದೆ.

ನಾನು ಈಗ ಮಾಡುವುದು ಹೀಗೆ. ಮನುಷ್ಯನ ಬಗ್ಗೆ ಬಂದರೆ ‘ಯಾವುದಕ್ಕೂ ಹೇಸದ’. ದಾರಿಯ ಬಗ್ಗೆ ಬಂದರೆ ‘ನೀತಿಗೆಟ್ಟ’. ತೀರಾ ಕ್ರೂರವಾಗಿ ದುಡ್ಡು ಮಾಡಿಕೊಳ್ಳುವವರ ಬಗ್ಗೆ ಬಂದರೆ, ಬರಹದ ಧಾಟಿ ಒಪ್ಪಿದರೆ, ‘ಹೆಣದ ಮೇಲಿನ ಕಾಸು ಎತ್ತುವವರು’. ಕೊನೆಯದನ್ನು ಕಾನೂನಿನ ಕಾಗದದಲ್ಲಿ ಹಾಕಲಾಗುವುದಿಲ್ಲ, ಕಥೆಯಲ್ಲಿ ಹಾಕಬಹುದು.

ನೇರನುಡಿ

ಎಲ್ಲ ಸರಿ, ಆದರೆ ಬೆಳ್ಳಕ್ಕಿಯವರು ಕೇಳಿದ್ದು ದಿನನಿತ್ಯದ ಇಂಗ್ಲಿಷ್. ಮಾತಿನಲ್ಲಿ ಯಾರು ಸ್ವಾಮಿ ಅನ್‌ಸ್ಕ್ರೂಪ್ಯುಲಸ್ ಅನ್ನುತ್ತಾರೆ? ಇಂಗ್ಲಿಷ್ ಮನೆಮಾತಾಗಿರುವವರೂ ಗೆಳೆಯರ ಜೊತೆ ‘ಶೇಡಿ’, ‘ಕ್ರುಕೆಡ್’ ಅನ್ನುತ್ತಾರೆ, ಬ್ರಿಟಿಷರಾದರೆ ‘ಡಾಜಿ’. ಇಷ್ಟುದ್ದದ ಪದ ತೋರಿಕೆಗೆ ಹಾಕಿಕೊಂಡೇ ಈ ಅನಾಹುತ ಆದದ್ದು. ಗೊತ್ತಿರುವ ಸಣ್ಣ ಪದ ಬಳಸಿ, ನೆಮ್ಮದಿಯಾಗಿರಿ.

ಅರ್ಧವಿರಾಮ

ಅರ್ಧ ಒಪ್ಪುತ್ತೇನೆ. ಮಾತಿನಲ್ಲಿ ಈ ಪದ ಭಾರವೇ. ಎಚ್ಚರಿಕೆಯ ಪ್ರಕಟಣೆ, ದೂರಿನ ಪತ್ರ, ಸಂಪಾದಕೀಯ, ಇವು ಅದರ ಮನೆ. ಆದರೆ ಶೇಡಿ ಅಂದರೆ ಅನುಮಾನ ಹುಟ್ಟಿಸುವಂಥದ್ದು ಅಷ್ಟೇ, ಪೂರಾ ತಿಳಿಯದೆಯೂ ಹಾಗೆನ್ನಬಹುದು. ಡಾಜಿ ಇನ್ನೂ ಸಡಿಲ, ಕೆಟ್ಟುಹೋಗುತ್ತಿರುವ ಯಂತ್ರಕ್ಕೂ ಹೇಳುತ್ತಾರೆ. ಇವೆರಡೂ ಮನುಷ್ಯನ ಮನಸ್ಸಾಕ್ಷಿಯ ಬಗ್ಗೆ ಏನೂ ಹೇಳುವುದಿಲ್ಲ.

ಮಾತಿನಲ್ಲಿ ಅದೇ ಅರ್ಥ ಬೇಕಿದ್ದರೆ ನಾಮಪದವನ್ನು ಬಳಸಿ, ನಾಲಗೆಗೆ ಹಗುರ. ‘ಹಿ ಹ್ಯಾಸ್ ನೋ ಸ್ಕ್ರೂಪಲ್ಸ್.’ ‘ಶಿ ಹ್ಯಾಡ್ ನೋ ಸ್ಕ್ರೂಪಲ್ಸ್ ಅಬೌಟ್ ರೀಡಿಂಗ್ ಅದರ್ ಪೀಪಲ್ಸ್ ಲೆಟರ್ಸ್.’ ಬೇರೆಯವರ ಪತ್ರ ತೆರೆದು ಓದಲು ಅವಳಿಗೆ ಏನೂ ಅನ್ನಿಸಲಿಲ್ಲ. ಇದು ಸಹಜವಾದ ಮಾತು. ಗಮನಿಸಿ, ಬಹುವಚನ: ‘ಸ್ಕ್ರೂಪಲ್ಸ್’.

ಕಾಮನಬಿಲ್ಲು

ಉಚ್ಚಾರ ಹೇಳಿಕೊಡಿ ಅಕ್ಕ. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಮತ್ತೆ ಮುಂದೆ ‘ಎ’ ಬರುತ್ತದಾ, ‘ಆ್ಯನ್’ ಬರುತ್ತದಾ?

ಅರ್ಧವಿರಾಮ

ಅನ್-ಸ್ಕ್ರೂ-ಪ್ಯು-ಲಸ್. ಒತ್ತು ‘ಸ್ಕ್ರೂ’ ಮೇಲೆ. ‘ಪ್ಯು’ ಅನ್ನು ತೇಲಿಸಿ, ಎಳೆಯಬೇಡ. ನಾವು ಎಡವುವುದು ಶುರುವಿನಲ್ಲಿ, ಸ, ಕ, ರ ಮೂರೂ ಒಟ್ಟಿಗೆ ಬರುವ ಕಡೆ. ನಡುವೆ ‘ಇ’ ಸೇರಿಸಿ ‘ಅನ್-ಇಸ್ಕ್ರೂ’ ಮಾಡುತ್ತೇವೆ. ಮೊದಲು ‘ಸ್ಕ್ರೂ’ ಎಂದು ಹತ್ತು ಸಲ ಹೇಳಿ, ಆಮೇಲೆ ‘ಅನ್’ ಜೋಡಿಸು.

ಶುರುವಾಗುವುದು ಸ್ವರದ ಧ್ವನಿಯಿಂದ, ಆದ್ದರಿಂದ ‘ಆ್ಯನ್ ಅನ್‌ಸ್ಕ್ರೂಪ್ಯುಲಸ್ ಡೀಲರ್’. ‘ಎ ಯುನೀಕ್’ ನೋಡಿ ಗೊಂದಲ ಮಾಡಿಕೊಳ್ಳಬೇಡ, ಅಲ್ಲಿ ಅದೇ ಅಕ್ಷರಕ್ಕೆ ‘ಯು’ ಧ್ವನಿ.

ಮುಂಗಾರು

ಒಂದು ಅನುಮಾನ. ಪತ್ರಕರ್ತನೊಬ್ಬ ದೊಡ್ಡ ಹಗರಣ ಬಯಲು ಮಾಡಲು ಸುಳ್ಳು ಹೆಸರು ಹೇಳಿ ಒಳಗೆ ಹೋಗುತ್ತಾನೆ ಅಂದುಕೊಳ್ಳಿ. ಗುರಿ ಒಳ್ಳೆಯದು, ದಾರಿ ಸುಳ್ಳು. ಅವನು ಅನ್‌ಸ್ಕ್ರೂಪ್ಯುಲಸ್ ಆಗುತ್ತಾನಾ?

ಸುದ್ದಿಮೇಜು

ನಮ್ಮ ವೃತ್ತಿಯಲ್ಲಿ ಇದು ಬರೀ ವ್ಯಾಕರಣದ ಪ್ರಶ್ನೆಯಲ್ಲ. ನನ್ನ ಅಭಿಪ್ರಾಯದಲ್ಲಿ ಪದ ದಾರಿಯನ್ನು ನೋಡುತ್ತದೆ, ಗುರಿಯನ್ನಲ್ಲ. ‘ಅನ್‌ಸ್ಕ್ರೂಪ್ಯುಲಸ್ ಇನ್ ಹಿಸ್ ಮೆಥಡ್ಸ್’ ಎಂದು ಒಳ್ಳೆಯ ಕೆಲಸ ಮಾಡಿದವನ ಬಗ್ಗೆಯೂ ಬರೆಯಬಹುದು.

ಸೀಮೆಸುಣ್ಣ

ನಾನು ಒಪ್ಪುವುದಿಲ್ಲ. ಆ ಪತ್ರಕರ್ತ ರಾತ್ರಿಯಿಡೀ ನಿದ್ದೆಗೆಟ್ಟು, ಬೇರೆ ದಾರಿಯೇ ಇಲ್ಲವೇ ಎಂದು ಹಿರಿಯರನ್ನು ಕೇಳಿ, ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು ಸುಳ್ಳು ಹೇಳಿದ ಅನ್ನಿ. ಹರಳು ಅವನ ಕಾಲಲ್ಲೇ ಇದೆ, ಚುಚ್ಚುತ್ತಲೇ ಇದೆ. ಅವನು ಅದನ್ನು ತುಳಿದುಕೊಂಡೇ ನಡೆದ. ಅಂಥವನಿಗೆ ‘ಹಿ ಹ್ಯಾಡ್ ಸ್ಕ್ರೂಪಲ್ಸ್, ಬಟ್ ಹಿ ವೆಂಟ್ ಅಹೆಡ್’ ಅನ್ನಬೇಕು. ಅವನು ಮಾಡಿದ್ದು ತಪ್ಪಿರಬಹುದು, ಅನ್‌ಎಥಿಕಲ್ ಎಂದೂ ಅನ್ನಬಹುದು. ಅನ್‌ಸ್ಕ್ರೂಪ್ಯುಲಸ್ ಅಲ್ಲ.

ಅದೇ ಪತ್ರಕರ್ತನಿಗೆ ಇದು ಅಭ್ಯಾಸವಾಗಿ, ಹತ್ತನೆಯ ಸಲ ಏನೂ ಅನ್ನಿಸದೆ ಸುಳ್ಳು ಹೇಳಿದರೆ, ಗುರಿ ಎಷ್ಟೇ ಒಳ್ಳೆಯದಿರಲಿ, ಆಗ ನಾನು ಆ ಪದ ಬಳಸುತ್ತೇನೆ.

ಸುದ್ದಿಮೇಜು

ಆದರೆ ಮೇಷ್ಟ್ರೇ, ಅವನಿಗೆ ಚುಚ್ಚಿತೋ ಇಲ್ಲವೋ ಹೊರಗಿನವರಿಗೆ ಕಾಣುವುದು ಹೇಗೆ? ನಮಗೆ ಕಾಣುವುದು ಕೃತ್ಯ ಮಾತ್ರ. ಪತ್ರಿಕೆಯಲ್ಲಿ ಈ ಪದ ಬರುವಾಗ ಯಾರೂ ಮನಸ್ಸಿನೊಳಗೆ ಇಣುಕಿ ನೋಡಿರುವುದಿಲ್ಲ.

ಕರಿಕೋಟು

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಈಗ ಬಾಯಿ ಹಾಕುತ್ತೇನೆ. ನಾನು ವಕೀಲ. ಸುದ್ದಿಮೇಜು ಅವರು ಹೇಳಿದ್ದೇ ಈ ಪದದ ನಿಜವಾದ ತೊಡಕು.

‘ಸುಳ್ಳು ದಾಖಲೆ ಕೊಟ್ಟರು’ ಅಂದರೆ ಅದು ಕೃತ್ಯ, ದಾಖಲೆ ತೋರಿಸಿ ರುಜುವಾತು ಮಾಡಬಹುದು. ‘ಇವರು ಅನ್‌ಸ್ಕ್ರೂಪ್ಯುಲಸ್’ ಅಂದರೆ ಮನಸ್ಸಿನ ಬಗ್ಗೆ ಹೇಳಿದ ಮಾತು. ಹೆಸರಿಲ್ಲದ ಬಹುವಚನಕ್ಕೆ ಹಚ್ಚಿದರೆ, ಅಂದರೆ ‘ಅನ್‌ಸ್ಕ್ರೂಪ್ಯುಲಸ್ ಟ್ರೇಡರ್ಸ್’ ಅಂದರೆ, ಯಾರಿಗೂ ತಗಲುವುದಿಲ್ಲ. ಒಬ್ಬ ವ್ಯಕ್ತಿಯ ಹೆಸರಿನ ಪಕ್ಕ ಇಟ್ಟ ಕ್ಷಣ ಅದು ಆರೋಪವಾಗುತ್ತದೆ, ಮಾನನಷ್ಟದವರೆಗೂ ಹೋಗಬಹುದು. ನನ್ನ ಬಳಿ ದೂರು ಬರೆಸಲು ಬರುವವರಿಗೆ ಹೇಳುವುದು ಇದನ್ನೇ: ವಿಶೇಷಣ ಬಿಡಿ, ಯಾವ ದಿನ ಏನು ಹೇಳಿದರು, ಏನು ಬರೆದುಕೊಟ್ಟರು, ಏನು ಕೊಡಲಿಲ್ಲ, ಅದನ್ನು ಬರೆಯಿರಿ. ಓದಿದವರ ಬಾಯಲ್ಲಿ ವಿಶೇಷಣ ತಾನಾಗಿ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಪದ ಗೊತ್ತಿರಲಿ, ‘ಅನ್‌ಕಾನ್ಶನಬಲ್’. ಅದು ಕಾನ್ಶನ್ಸ್‌ನಿಂದ, ಅಂದರೆ ಮನಸ್ಸಾಕ್ಷಿಯಿಂದ ಬಂದದ್ದು. ಅದನ್ನು ಹೆಚ್ಚಾಗಿ ಕೃತ್ಯಕ್ಕೆ, ಷರತ್ತಿಗೆ, ಒಪ್ಪಂದಕ್ಕೆ ಹೇಳುತ್ತಾರೆ. ಒಂದು ಕಡೆಯವರನ್ನು ಪೂರ್ತಿ ಮುಳುಗಿಸುವಷ್ಟು ಏಕಪಕ್ಷೀಯವಾದ ಒಪ್ಪಂದವನ್ನು ಇಂಗ್ಲಿಷ್ ಕಾನೂನಿನ ಭಾಷೆಯಲ್ಲಿ ಅನ್‌ಕಾನ್ಶನಬಲ್ ಅನ್ನುವುದುಂಟು. ಒಪ್ಪಂದ ಅನ್‌ಕಾನ್ಶನಬಲ್, ಅದನ್ನು ಸಹಿ ಮಾಡಿಸಿಕೊಂಡವನು ಅನ್‌ಸ್ಕ್ರೂಪ್ಯುಲಸ್.

ನೇರನುಡಿ

ಕರಿಕೋಟು ಸರ್ ಹೇಳಿದ ಮೇಲೆ ನನ್ನ ಮಾತು ತಿದ್ದಿಕೊಳ್ಳುತ್ತೇನೆ. ತೊಂದರೆ ಪದ ಉದ್ದವಾಗಿದ್ದದ್ದರಲ್ಲಿ ಇರಲಿಲ್ಲ. ಒಬ್ಬ ಮನುಷ್ಯನ ಹೆಸರಿನ ಮುಂದೆ ಇಟ್ಟದ್ದರಲ್ಲಿ ಇತ್ತು. ಅಲ್ಲಿ ‘ಶೇಡಿ’ ಅಂದಿದ್ದರೂ ಅಷ್ಟೇ ನೋವಾಗುತ್ತಿತ್ತು.

ಸುದ್ದಿಮೇಜು

ಇನ್ನೊಂದು ಪ್ರಯೋಗ ಹೇಳಲು ಮರೆತಿದ್ದೆ. ‘ದಿ’ ಸೇರಿಸಿ ಬರೀ ವಿಶೇಷಣವನ್ನೇ ನಿಲ್ಲಿಸಬಹುದು. ‘ದ ಲಾ ಮಸ್ಟ್ ಪ್ರೊಟೆಕ್ಟ್ ದ ವೀಕ್ ಫ್ರಮ್ ದಿ ಅನ್‌ಸ್ಕ್ರೂಪ್ಯುಲಸ್.’ ಹೇಸದವರಿಂದ ದುರ್ಬಲರನ್ನು ಕಾಪಾಡಬೇಕು. ಇಲ್ಲಿ ಅದು ಇಡೀ ಗುಂಪು, ಆದ್ದರಿಂದ ಕರ್ತೃವಾಗಿ ಬಂದರೆ ಕ್ರಿಯಾಪದ ಬಹುವಚನದಲ್ಲಿರಬೇಕು: ‘ದಿ ಅನ್‌ಸ್ಕ್ರೂಪ್ಯುಲಸ್ ಆರ್ ಕ್ವಿಕ್ ಟು ನೋಟಿಸ್ ಫಿಯರ್.’ ‘ಈಸ್’ ಅಲ್ಲ.

ಬೆಳ್ಳಕ್ಕಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಕೃತಜ್ಞತೆ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ಕರಿಕೋಟು ಸರ್ ಹೇಳಿದ್ದನ್ನು ಓದಿದ ಮೇಲೆ ಬರೀ ಬಾಯಿಮಾತಿನ ಕ್ಷಮೆ ಸಾಲದು ಅನ್ನಿಸಿತು. ತಪ್ಪು ಕಾಗದದ ಮೇಲಿತ್ತು, ಅದನ್ನು ಕಾಗದದ ಮೇಲೆಯೇ ತೆಗೆಯಬೇಕು. ಇವತ್ತು ಬೆಳಿಗ್ಗೆ ಮೇಲಿನವರಿಗೆ ಪತ್ರ ಬರೆದೆ. ‘ನಾನು ಬಳಸಿದ ಪದಕ್ಕೆ ನಾನು ತಿಳಿದ ಅರ್ಥ ಇರಲಿಲ್ಲ. ಈ ವ್ಯಕ್ತಿಯ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆ ಸಾಲನ್ನು ತೆಗೆದು ಇದನ್ನು ಸೇರಿಸಬೇಕೆಂದು ಕೋರುತ್ತೇನೆ’ ಎಂದು ಬರೆದು, ಕೆಳಗೆ ಹೊಸ ಸಾಲು ಹಾಕಿದೆ: ‘ಹಿಸ್ ವರ್ಕ್ ಈಸ್ ಎಕ್ಸಲೆಂಟ್, ಬಟ್ ಇಟ್ ಆಫನ್ ಕಮ್ಸ್ ಲೇಟ್.’ ಪತ್ರದ ಪ್ರತಿಯನ್ನು ಅವನಿಗೂ ಕಳುಹಿಸಿದೆ.

ಮಧ್ಯಾಹ್ನ ತಾನಾಗಿ ಬಂದು ಕೂತ. ಆ ಪದ ಓದಿದ ರಾತ್ರಿ, ತಾನು ಯಾವತ್ತಾದರೂ ಬೇರೆಯವರ ಕೆಲಸವನ್ನು ತನ್ನದೆಂದು ಹೇಳಿಕೊಂಡಿದ್ದೇನೆಯೇ, ಯಾರಿಗಾದರೂ ಸುಳ್ಳು ಲೆಕ್ಕ ಕೊಟ್ಟಿದ್ದೇನೆಯೇ ಎಂದು ಒಂದೊಂದೇ ನೆನಪು ಮಾಡಿಕೊಳ್ಳುತ್ತಾ ಎಚ್ಚರವಾಗಿದ್ದನಂತೆ. ಕೇಳಿ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು.

ಸೀಮೆಸುಣ್ಣ

ರಾತ್ರಿಯೆಲ್ಲ ಹಾಗೆ ತನ್ನನ್ನೇ ತಡಕಾಡಿಕೊಂಡ ಹುಡುಗನಿಗೆ ಸರಿಯಾದ ಪದ ‘ಸ್ಕ್ರೂಪ್ಯುಲಸ್’. ಮೊದಲ ಅರ್ಥದಲ್ಲಿ. ನೀವು ಬರೆದದ್ದರ ನೇರ ಎದುರು. ನನ್ನ ಹೆಸರಿನಲ್ಲಿ ಅವನಿಗೆ ಹೇಳಿ.

ಬೆಳ್ಳಕ್ಕಿ

ಹೇಳುತ್ತೇನೆ ಮೇಷ್ಟ್ರೇ. ಈ ಚರ್ಚೆಯನ್ನೇ ಅವನಿಗೆ ಕಳುಹಿಸುತ್ತೇನೆ.

ಕಾಮನಬಿಲ್ಲು

ನಾಲ್ಕು ವಾಕ್ಯ ಬರೆದಿದ್ದೇನೆ, ತಿದ್ದಿಕೊಡಿ.

‘ಆ್ಯನ್ ಅನ್‌ಸ್ಕ್ರೂಪ್ಯುಲಸ್ ಸೆಲ್ಲರ್ ಹಿಡ್ ದ ಡ್ಯಾಮೇಜ್ ಫ್ರಮ್ ಹಿಸ್ ಕಸ್ಟಮರ್.’

‘ಹಿ ಈಸ್ ಅನ್‌ಸ್ಕ್ರೂಪ್ಯುಲಸ್ ಇನ್ ಹಿಸ್ ಪರ್ಸೂಟ್ ಆಫ್ ಪವರ್.’

‘ಮೈ ರೂಮ್‌ಮೇಟ್ ಅನ್‌ಸ್ಕ್ರೂಪ್ಯುಲಸ್ಲಿ ಫರ್ಗಾಟ್ ಮೈ ಬರ್ತ್‌ಡೇ.’

‘ಸ್ಕ್ಯಾಮರ್ಸ್ ಹ್ಯಾವ್ ನೋ ಸ್ಕ್ರೂಪಲ್ಸ್ ಅಬೌಟ್ ಚೀಟಿಂಗ್ ಓಲ್ಡ್ ಪೀಪಲ್.’

ಅರ್ಧವಿರಾಮ

ಒಂದು, ಎರಡು, ನಾಲ್ಕು ಸರಿಯಾಗಿವೆ. ನಾಲ್ಕನೆಯದು ಬಹಳ ಸಹಜವಾಗಿದೆ.

ಮೂರನೆಯದು ಆಗುವುದಿಲ್ಲ. ಮರೆವು ಬೇಕೆಂದು ಮಾಡುವ ಕೆಲಸವಲ್ಲ, ನಿನ್ನ ಗೆಳತಿಗೆ ಅದರಿಂದ ಲಾಭವೂ ಇಲ್ಲ. ‘ಕಂಪ್ಲೀಟ್ಲಿ ಫರ್ಗಾಟ್’ ಎಂದು ತಿದ್ದಿಕೋ.